ಹೊಸ ಮನೆ ಯಾಕೆ ಗುಂಯ್‌ಗುಡುತ್ತದೆ?

ಗೃಹಪ್ರವೇಶಕ್ಕೆ ಇನ್ನೆರಡು ದಿನ ಇತ್ತು. ಬಸರಾಳು ಹೋಬಳಿಯ ಹಳ್ಳಿಯೊಂದರಲ್ಲಿ ನಮ್ಮ ದೊಡ್ಡವ್ವನ ಹೊಸ ಮನೆಗೆ ಬಣ್ಣ ಬಳಿದು ಮುಗಿದಿತ್ತು. ಸಾಮಾನೆಲ್ಲ ಹಳೇ ಮನೆಯಲ್ಲೇ ಇತ್ತು. ಬರಿದಾದ ಹಾಲಿನ ನಡುವೆ ನಿಂತು ದೊಡ್ಡವ್ವ ನನ್ನನ್ನು ಕರೆದರು. ಕರೆದದ್ದು ಕೇಳಿತು, ಏನಂದರೆಂದು ತಿಳಿಯಲಿಲ್ಲ. ಹತ್ತಿರ ಹೋದ ಮೇಲೆ ಅವರೇ ಹೇಳಿದರು:

“ಏನ್ಲಾ ಮಗ, ಈ ಮನೇಲಿ ಮಾತಾಡುದ್ರೆ ಗುಂಯ್ ಅಂತದೆ. ಹಳೇ ಹಟ್ಟೀಲಿ ಹಿಂಗಿರ್ನಿಲ್ಲ ಕನ.”

“ಸಾಮಾನು ಬಂದ್ರೆ ಸರಿಹೋಯ್ತದೆ ಬುಡು ದೊಡ್ಡವ್ವ” ಅಂದೆ. ಅರ್ಧ ಮಾತ್ರ ನಿಜವಾದ ಸಮಾಧಾನ ಅದು. ಎಪ್ಪತ್ತು ದಾಟಿದ ಅವರಿಗೆ ಕಿವಿ ಸ್ವಲ್ಪ ಮಂದ. ಜೀವಮಾನದ ದುಡಿಮೆ ಹಾಕಿ ಕಟ್ಟಿಸಿದ ಮನೆಯಲ್ಲಿ ಸೊಸೆಯ ಮಾತು, ಮೊಮ್ಮಕ್ಕಳ ಮಾತು ಅರ್ಥವಾಗದೆ ಹೋದರೆ ಅದಕ್ಕಿಂತ ನೋವು ಇನ್ನೇನಿದೆ? ಆ ಸಂಜೆ ಮೂರು ಕಡೆ ಚಪ್ಪಾಳೆ ತಟ್ಟಿ ನೋಡಿದೆ. ಹೊಸ ಮನೆಯ ಹಾಲಿನಲ್ಲಿ ಒಂದು ಸಲ ತಟ್ಟಿದ ಚಪ್ಪಾಳೆ ತಗಡಿನ ಡಬ್ಬಿಯೊಳಗೆ ಸಿಕ್ಕಿಬಿದ್ದ ಹಾಗೆ ಮೂರು ಸೆಕೆಂಡಿನವರೆಗೆ ಒದ್ದಾಡಿತು. ಹಳೇ ತೊಟ್ಟಿಮನೆಯಲ್ಲಿ ತಟ್ಟಿದ್ದು ತಟ್ಟಿದ ಕೂಡಲೇ ಸತ್ತುಹೋಯಿತು. ಆಮೇಲೆ ಬಸರಾಳಿನ ಮಲ್ಲಿಕಾರ್ಜುನ ದೇವಸ್ಥಾನಕ್ಕೆ ಹೋಗಿ, ನವರಂಗದಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಮೆಲ್ಲಗೆ ತಟ್ಟಿದೆ. ಅಲ್ಲಿ ಅದು ದುಂಡಗೆ ತುಂಬಿಕೊಂಡಿತು, ಆದರೆ ಎಳೆದಾಡಲಿಲ್ಲ.

ಮೂರೂ ಕಡೆ ಕೈ ಅದೇ, ಗಾಳಿ ಅದೇ. ಬದಲಾದದ್ದು ಸುತ್ತಲಿನ ಕಟ್ಟಡ ಮಾತ್ರ.

ಸದ್ದು ನಮ್ಮ ಸೀಮೆಯ ಸೆಖೆಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ದೊಡ್ಡವ್ವನ ಹಾಲ್ 6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರ. ಇಷ್ಟು ಚಿಕ್ಕ ಡಬ್ಬಿಯಲ್ಲಿ ಆ ವೇಗದಲ್ಲಿ ಓಡುವ ಸದ್ದು ಸರಾಸರಿ ಮೂರು ಮೀಟರಿಗಿಂತ ಕಡಿಮೆ ದೂರ ಹೋಗುವಷ್ಟರಲ್ಲಿ ಯಾವುದೋ ಗೋಡೆಗೋ ತಾರಸಿಗೋ ನೆಲಕ್ಕೋ ಬಡಿಯುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 120 ಬಡಿತ. ಪ್ರತಿ ಬಡಿತದಲ್ಲೂ ಮೇಲ್ಮೈ ಸದ್ದಿನ ಒಂದು ಪಾಲನ್ನು ಹೀರಿಕೊಂಡು ಉಳಿದದ್ದನ್ನು ವಾಪಸ್ ಕಳಿಸುತ್ತದೆ. ಗಾರೆ ಮೆತ್ತಿ ಬಣ್ಣ ಬಳಿದ ಗೋಡೆ, ಟೈಲ್ಸ್ ನೆಲ, ಕಾಂಕ್ರೀಟ್ ತಾರಸಿ, ಗಾಜಿನ ಕಿಟಕಿ ಎಲ್ಲ ಸೇರಿ ಹೀರುವುದು ನೂರಕ್ಕೆ ನಾಲ್ಕು ಪಾಲು ಎಂದಿಟ್ಟುಕೊಳ್ಳಿ. ನೂರಕ್ಕೆ ನಾಲ್ಕರಂತೆ ಕಳೆಯುತ್ತ ಹೋದರೆ ಸದ್ದು ಹತ್ತು ಲಕ್ಷದ ಒಂದು ಪಾಲಿಗೆ ಇಳಿಯಲು ಸುಮಾರು 340 ಬಡಿತ ಬೇಕು. ಅಂದರೆ ಮೂರು ಸೆಕೆಂಡಿಗೆ ಸ್ವಲ್ಪ ಕಡಿಮೆ. ನನ್ನ ಚಪ್ಪಾಳೆ ಒದ್ದಾಡಿದ್ದು ಅಷ್ಟೇ ಹೊತ್ತು. ಹೀಗೆ ಹತ್ತು ಲಕ್ಷದ ಒಂದು ಪಾಲಿಗೆ ಇಳಿಯಲು ಹಿಡಿಯುವ ಸಮಯಕ್ಕೆ ಅನುರಣನ ಕಾಲ ಎನ್ನುತ್ತಾರೆ.

ಮೂರು ಸೆಕೆಂಡಿನಲ್ಲಿ ನಾವು ಹದಿನೈದು ಅಕ್ಷರವನ್ನಾದರೂ ಆಡಿರುತ್ತೇವೆ. ಹಳೆಯ ಅಕ್ಷರಗಳು ಇನ್ನೂ ಕೋಣೆಯಲ್ಲಿ ಸುತ್ತುತ್ತಿರುವಾಗಲೇ ಹೊಸವು ಬಂದು ಅವುಗಳ ಮೇಲೆ ಬೀಳುತ್ತವೆ. ಇದರಲ್ಲಿ ಕನ್ನಡಕ್ಕೆ ಆಗುವ ತೊಂದರೆಯೇ ಬೇರೆ. ನಮ್ಮ ಮಾತುಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ಅ, ಎ, ಉ ಎಂಬ ಸ್ವರಗಳಿಗೆ ಬಲ ಹೆಚ್ಚು. ಕ, ತ, ಹ, ಸ ಎಂಬ ವ್ಯಂಜನಗಳಿಗೆ ಕಡಿಮೆ. ಹಿಂದಿನ ಪದದ ಕೊನೆಯ ಸ್ವರ ಕೋಣೆ ತುಂಬಿ ನಿಂತಿದ್ದರೆ ಮುಂದಿನ ಪದದ ಮೊದಲ ವ್ಯಂಜನ ಅದರಡಿ ಮುಚ್ಚಿಹೋಗುತ್ತದೆ. ಬತ್ತಿ, ಕತ್ತಿ, ಹತ್ತಿ ಮೂರೂ ಒಂದೇ ಥರ ಕೇಳಿಸತೊಡಗುತ್ತವೆ. ಒತ್ತಕ್ಷರದ ಪಾಡು ಇನ್ನೂ ಕಷ್ಟ. ‘ಕತೆ’ ಮತ್ತು ‘ಕತ್ತೆ’ ಎರಡನ್ನೂ ನಿಧಾನವಾಗಿ ಹೇಳಿ ನೋಡಿ. ಕತ್ತೆ ಅನ್ನುವಾಗ ನಾಲಿಗೆ ಹಲ್ಲಿನ ಹಿಂದೆ ಒತ್ತಿಕೊಂಡು ಒಂದು ಕ್ಷಣ ನಿಲ್ಲುತ್ತದೆ. ಆ ಕ್ಷಣ ಬಾಯಿಂದ ಸದ್ದೇ ಹೊರಡುವುದಿಲ್ಲ. ನಮ್ಮ ಕಿವಿ ಒತ್ತನ್ನು ಗುರುತಿಸುವುದು ಮುಖ್ಯವಾಗಿ ಆ ಪುಟ್ಟ ಮೌನದಿಂದ. ಗುಂಯ್‌ಗುಡುವ ಕೋಣೆ ಆ ಮೌನವನ್ನು ತುಂಬಿಬಿಡುತ್ತದೆ. ವಯಸ್ಸಾದವರಿಗೆ ಮೊದಲು ಮಂದವಾಗುವುದು ಕೀಚಲು ಸದ್ದುಗಳು, ಅಂದರೆ ಸ, ತ, ಕಗಳನ್ನು ಬಿಡಿಸಿ ತೋರಿಸುವ ಪಾಲು. ಅದರ ಮೇಲೆ ಕೋಣೆಯೂ ಹೀಗೆ ಮಾಡಿದರೆ ದೊಡ್ಡವ್ವನಂಥವರಿಗೆ ಕೂಗು ಮಾತ್ರ ಉಳಿದು ಮಾತು ಹೋಗುತ್ತದೆ. ಜೋರಾಗಿ ಹೇಳಿದರೂ ಪ್ರಯೋಜನವಿಲ್ಲ, ಗುಂಯ್‌ಗುಡುವುದೂ ಅಷ್ಟೇ ಜೋರಾಗುತ್ತದೆ. ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಬೇಕು.

ಅನುರಣನ ಕಾಲದ ಲೆಕ್ಕವನ್ನು ಮೊದಲು ಬಿಡಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಫಾಗ್ ವಸ್ತುಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟರು ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಪದ ಐದೂವರೆ ಸೆಕೆಂಡು ಅಲ್ಲೇ ಸುತ್ತುತ್ತಿತ್ತು. ಸರಿಪಡಿಸುವ ಕೆಲಸ ಇಪ್ಪತ್ತೇಳರ ಹರೆಯದ ಸಬೀನ್ ಪಾಲಿಗೆ ಬಂತು. ಊರೆಲ್ಲ ಮಲಗಿದ ಮೇಲೆ ಅವರು ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಕುರ್ಚಿಗಳ ಮೆತ್ತೆಗಳನ್ನು ಹೊರಿಸಿಕೊಂಡು ಬರುತ್ತಿದ್ದರು. ಕೊಠಡಿಯಲ್ಲಿ ಅವನ್ನು ಹರಡಿ, ಆರ್ಗನ್ ವಾದ್ಯದ ಒಂದು ಕೊಳವೆ ಊದಿಸಿ, ಸದ್ದು ಕಿವಿಗೆ ಕೇಳದಾಗುವವರೆಗೆ ಎಷ್ಟು ಹೊತ್ತೆಂದು ಅಳೆಯುತ್ತಿದ್ದರು. ಬೆಳಗಾಗುವ ಮೊದಲು ಮೆತ್ತೆಗಳು ರಂಗಮಂದಿರಕ್ಕೆ ವಾಪಸ್. ಮೆತ್ತೆ ಹೆಚ್ಚಿದಷ್ಟೂ ಸಮಯ ಇಳಿಯುತ್ತಾ ಬಂದು ಕೊನೆಗೆ ಒಂದು ಸೆಕೆಂಡಿಗೆ ಸ್ವಲ್ಪ ಹೆಚ್ಚು ಎನ್ನುವಲ್ಲಿಗೆ ಬಂತು. ತಾವು ತೊಟ್ಟ ಬಟ್ಟೆಯೂ ಸದ್ದನ್ನು ಹೀರುತ್ತದೆಂದು ಗೊತ್ತಾದಾಗ ಅದುವರೆಗಿನ ಅಳತೆಗಳನ್ನು ಬದಿಗಿಟ್ಟು, ಪ್ರತಿ ರಾತ್ರಿಯೂ ಅದೇ ಉಡುಪು ತೊಟ್ಟು ಮತ್ತೆ ಮೊದಲಿಂದ ಅಳೆದರು. ಆ ತಾಳ್ಮೆ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಹಾಗೆ ಸಿಕ್ಕಿದ ಸೂತ್ರ ತೀರ ಸರಳ: ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿ. ಬಂದದ್ದು ಅನುರಣನ ಕಾಲ, ಸೆಕೆಂಡುಗಳಲ್ಲಿ. ಇದೇ ಲೆಕ್ಕದ ಮೇಲೆ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಸಂಗೀತ ಕೇಳಲು ಜಗತ್ತಿನ ಉತ್ತಮ ಜಾಗಗಳಲ್ಲಿ ಅದು ಈಗಲೂ ಒಂದು.

ಹೀರಿಕೆಯನ್ನು ಯಾವುದರಲ್ಲಿ ಅಳೆಯುವುದು? ಸಬೀನ್ ತೆರೆದ ಕಿಟಕಿಯನ್ನು ಅಳತೆಗೋಲು ಮಾಡಿಕೊಂಡರು. ತೆರೆದ ಕಿಟಕಿಯಿಂದ ಹೊರಗೆ ಹೋದ ಸದ್ದು ವಾಪಸ್ ಬರುವುದಿಲ್ಲ. ಅಂದರೆ ಅದು ನೂರಕ್ಕೆ ನೂರು ಹೀರಿದ ಹಾಗೆ. ಒಂದು ಚದರ ಮೀಟರ್ ತೆರೆದ ಕಿಟಕಿ ಎಂದರೆ ಒಂದು ಪೂರ್ತಿ ಘಟಕ.

ದೊಡ್ಡವ್ವನ ತೊಟ್ಟಿಮನೆಯ ಗುಟ್ಟು ಇಲ್ಲಿದೆ. ಆ ಮನೆಯ ನಡುವಿನ ತೊಟ್ಟಿ ಹತ್ತಡಿಗೆ ಹತ್ತಡಿ, ಮೇಲೆ ಬರೀ ಆಕಾಶ. ಒಂಬತ್ತು ಚದರ ಮೀಟರಿನ ತೆರೆದ ಕಿಟಕಿಯನ್ನು ಮಲಗಿಸಿಟ್ಟ ಹಾಗೆ ಅದು. ಹೊಸ ಹಾಲಿನ ಗೋಡೆ, ನೆಲ, ತಾರಸಿ ಎಲ್ಲ ಸೇರಿ 126 ಚದರ ಮೀಟರ್. ಅಷ್ಟೂ ಹೀರುವುದು ಐದು ಘಟಕ. ಹಳೇ ಮನೆಯ ಆಕಾಶದ ಒಂದು ತುಂಡು ಅದರ ಹೆಚ್ಚೂಕಡಿಮೆ ಎರಡರಷ್ಟು. ಇದರ ಮೇಲೆ ನಾಡಹೆಂಚಿನ ಸಂದುಗಳು, ಜಗಲಿಯ ಮೇಲೆ ಒಟ್ಟಿದ ರಾಗಿ ಚೀಲಗಳು, ಹಗ್ಗಕ್ಕೆ ಹಾಕಿದ ಕಂಬಳಿ, ಅಟ್ಟದ ಹುಲ್ಲು. ಸದ್ದಿಗೆ ಅಲ್ಲಿ ತಿರುಗಿ ಬರಲು ದಾರಿಯೇ ಕಡಿಮೆ.

ದೇವಸ್ಥಾನದ್ದು ಬೇರೆಯೇ ಲೆಕ್ಕ. ಮಂಡ್ಯದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿರುವ ಈ ತ್ರಿಕೂಟ ಗುಡಿಯನ್ನು 1234ರ ಸುಮಾರಿಗೆ, ಹೊಯ್ಸಳ ಎರಡನೇ ವೀರ ನರಸಿಂಹನ ಕಾಲದಲ್ಲಿ, ಹರಿಹರ ದಣ್ಣಾಯಕ ಕಟ್ಟಿಸಿದ. ಬಳಪದ ಕಲ್ಲು ನಯವಾಗಿ ಹೊಳೆಯುವಂಥದ್ದು, ಸದ್ದನ್ನು ಹೀರುವುದು ಅತ್ಯಲ್ಪ. ಹಾಗಿದ್ದರೆ ಅದು ಹೊಸ ಮನೆಗಿಂತ ಕೆಟ್ಟದಾಗಿ ಗುಂಯ್‌ಗುಡಬೇಕಿತ್ತಲ್ಲ? ಎರಡು ಕಾರಣಕ್ಕೆ ಹಾಗಾಗುವುದಿಲ್ಲ. ಬಾಗಿಲುಗಳ ಬಯಲು ಒಂದಷ್ಟನ್ನು ಹೊರಗೆ ಬಿಡುತ್ತದೆ. ಉಳಿದದ್ದು ಒಂದೇ ಕಡೆಗೆ ಹೋಗದೆ ಚೂರುಚೂರಾಗಿ ಚದುರುತ್ತದೆ. ತಿರುಗಣೆಯಲ್ಲಿ ಕಡೆದ ಕಂಬಗಳ ಬಳೆಬಳೆಯಂಥ ಏಣುಗಳು, ಚಾವಣಿಯ ಭುವನೇಶ್ವರಿಗಳ ಆಳದ ಕೆತ್ತನೆ, ಗೂಡುಗಳು, ಮೂಲೆಗಳು ಈ ಚದುರಿಸುವ ಕೆಲಸ ಮಾಡುತ್ತವೆ. ಹೊಸ ಹಾಲಿನಲ್ಲಿ ಎದುರುಬದುರಾದ ನುಣ್ಣನೆಯ ಗೋಡೆಗಳು ಒಂದೇ ಸದ್ದನ್ನು ಚೆಂಡಿನ ಹಾಗೆ ಒಂದಕ್ಕೊಂದು ಎಸೆದಾಡುತ್ತವೆ. ಚಪ್ಪಾಳೆಯಲ್ಲಿ ತಗಡಿನ ಝಣತ್ಕಾರ ಬಂದದ್ದು ಅದರಿಂದ.

ಇನ್ನೊಂದು ಮಾತಿದೆ. ಮೂಲ ಸದ್ದಿನ ಹಿಂದೆಯೇ, ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿನೊಳಗೆ ಬಂದ ಪ್ರತಿಫಲನವನ್ನು ನಮ್ಮ ಮೆದುಳು ಬೇರೆ ಸದ್ದೆಂದು ಎಣಿಸುವುದಿಲ್ಲ, ಮೂಲಕ್ಕೇ ಸೇರಿಸಿಕೊಳ್ಳುತ್ತದೆ. ಆಗ ಮಾತಿಗೆ ಬಲ ಬರುತ್ತದೆ. ತಡವಾಗಿ ಬಂದದ್ದು ಮಾತ್ರ ಕಾಟ. ನವರಂಗದಲ್ಲಿ ಕಂಬ, ಗೋಡೆ, ಚಾವಣಿ ಎಲ್ಲವೂ ಹತ್ತಿರ ಹತ್ತಿರ. ಅರ್ಚಕರು ಮೆಲುದನಿಯಲ್ಲಿ ಹೇಳಿದ ಮಂತ್ರವೂ ತುಂಬಿಕೊಂಡು ಕೇಳುವುದು ಇದರಿಂದ. ಗರ್ಭಗುಡಿಯಲ್ಲಿ ಇದು ಇನ್ನೂ ಗಾಢ. ಎರಡೂವರೆ ಮೀಟರ್ ಅಗಲದ ಕಲ್ಲಿನ ಕೋಣೆ ಎಂದಿಟ್ಟುಕೊಳ್ಳಿ. ಅದರ ಎರಡು ಗೋಡೆಗಳ ನಡುವೆ ಸೆಕೆಂಡಿಗೆ 69 ಕಂಪನದ ಸ್ವರವೂ ಅದರ ಎರಡರಷ್ಟಾದ 138ರ ಸ್ವರವೂ ಸರಿಯಾಗಿ ಹೊಂದಿಕೊಂಡು ಮೊಳಗುತ್ತವೆ. ಗಂಡಸಿನ ದನಿಯ ಮೂಲಸ್ವರ ಸುಮಾರು 100ರಿಂದ 150ರ ನಡುವೆ ಇರುತ್ತದೆ. ಓಂಕಾರ ಹಿಡಿದವರ ದನಿ ಅಲ್ಲಿ ಒಂದು ಶ್ರುತಿಗೆ ತಾನಾಗಿ ಜಾರುವುದು, ಬಚ್ಚಲಮನೆಯಲ್ಲಿ ಎಲ್ಲರೂ ಗಾಯಕರಾಗುವುದು ಒಂದೇ ನಿಯಮಕ್ಕೆ. ಶಿಲ್ಪಿಗಳು ಇದನ್ನೆಲ್ಲ ಲೆಕ್ಕ ಹಾಕಿ ಕೆತ್ತಿದರೆಂದು ನಾನು ಹೇಳಲಾರೆ. ಹದಿನಾರು ಕೈಯ ಶಿವನನ್ನು ಅಂಧಕಾಸುರನ ತಲೆಯ ಮೇಲೆ ಕುಣಿಸಿದ ಆ ಕೈಗಳಿಗೆ ತಲೆಮಾರುಗಳ ಅನುಭವವಿತ್ತು, ಗುಡಿಯೊಳಗೆ ಹಾಡು, ವಾದ್ಯ, ಮಂತ್ರ ಎಲ್ಲವೂ ನಡೆಯುತ್ತಿತ್ತು ಎಂಬಷ್ಟು ನಿಜ.

ನಮ್ಮ ನಾಡಿನ ಇನ್ನೊಂದು ಕಟ್ಟಡ ಇದಕ್ಕೆ ಪೂರ್ತಿ ಎದುರು. 1656ರ ಸುಮಾರಿಗೆ ಮುಗಿದ ವಿಜಯಪುರದ ಗೋಲಗುಮ್ಮಟದ ಗುಮ್ಮಟ ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ಅಡ್ಡಳತೆಯದು, ಒಳಗೆ ನುಣ್ಣನೆಯ ಬಾಗು. ಪಿಸುಮಾತು ಆ ಬಾಗಿಗೆ ಅಂಟಿಕೊಂಡಂತೆ ಓಡಿ ಎದುರು ಬದಿಯ ಕಿವಿಗೆ ಬೀಳುತ್ತದೆ. ಸಿ.ವಿ. ರಾಮನ್ ಇಂಥ ಪಿಸುಮಾತಿನ ಗ್ಯಾಲರಿಗಳನ್ನು 1920ರ ದಶಕದ ಮೊದಲಲ್ಲಿ ಅಭ್ಯಾಸ ಮಾಡಿದ್ದರು, ಗೋಲಗುಮ್ಮಟವೂ ಅವುಗಳಲ್ಲಿ ಒಂದು. ನೋಡಲು ಅದ್ಭುತ. ಆದರೆ ಮನೆಗೋ ಸಭಾಂಗಣಕ್ಕೋ ಗುಮ್ಮಟ ಬೇಕೆನ್ನುವವರು ಒಮ್ಮೆ ಅಲ್ಲಿ ನಿಂತು ನಾಲ್ಕು ಮಾತಾಡಿ ಬರಲಿ ಎಂದು ನನ್ನ ಕೋರಿಕೆ.

ಕಲ್ಯಾಣ ಮಂಟಪಗಳದ್ದಂತೂ ನಮ್ಮ ಜಿಲ್ಲೆಯ ಪ್ರತಿ ಕುಟುಂಬಕ್ಕೂ ಗೊತ್ತಿರುವ ಸಂಕಟ. 30 ಮೀಟರ್ ಉದ್ದ, 15 ಅಗಲ, 6 ಎತ್ತರದ ಹಾಲ್ ಹಿಡಿದು ಸಬೀನ್ ಸೂತ್ರ ಹಾಕಿ. ಖಾಲಿ ಇದ್ದಾಗ ಹೀರಿಕೆ 72 ಘಟಕವಿದ್ದರೆ ಅನುರಣನ ಕಾಲ ಆರು ಸೆಕೆಂಡು. ಐನೂರು ಜನ ಬಂದು ಕೂತರೆ, ತಲೆಗೆ ಅರ್ಧ ಘಟಕದ ಹತ್ತಿರ, ಕಾಲ ಒಂದೂವರೆ ಸೆಕೆಂಡಿಗೆ ಬೀಳುತ್ತದೆ. ಹಿಂದಿನ ರಾತ್ರಿ ಖಾಲಿ ಹಾಲಿನಲ್ಲಿ ಮೈಕಿನವರು ಕೇಳಿ ಹೊಂದಿಸಿಟ್ಟದ್ದು ಧಾರೆಯ ಹೊತ್ತಿಗೆ ತಾಳೆಯಾಗದಿರುವುದು ಇದಕ್ಕೇ. ಜನರ ಸೀರೆ, ಪಂಚೆ, ಶಾಲುಗಳೇ ಅಲ್ಲಿನ ಮೆತ್ತೆ. ಮಂಟಪ ಕಟ್ಟುವಾಗಲೇ ಚಾವಣಿಯಡಿ ಹೀರುವ ಹಲಗೆ ಹಾಕಿಸಿದ್ದರೆ ವಾಲಗ ಕಿವಿ ಸೀಳುತ್ತಿರಲಿಲ್ಲ, ಅಜ್ಜ ಅಜ್ಜಿಯರು ಊಟದ ಹಾಲಿಗೆ ಓಡಿಹೋಗಿ ಕೂರುತ್ತಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಕೋಣೆಯೊಳಗೆ ಹುಟ್ಟಿದ ಸದ್ದಿನ ಮಾತು. ಹೊರಗಿನ ಸದ್ದು ಒಳಗೆ ಬರದಂತೆ ತಡೆಯುವುದು ಪೂರ್ತಿ ಬೇರೆ ವಿದ್ಯೆ. ಈ ಎರಡನ್ನು ಒಂದೇ ಎಂದುಕೊಂಡು ಜನ ಹಣ ಕಳೆದುಕೊಳ್ಳುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಮದ್ದೂರಿನಲ್ಲಿ ರಸ್ತೆ ಪಕ್ಕದ ಮನೆಯಲ್ಲಿ ಪಿಯುಸಿ ಓದುತ್ತಿದ್ದ ನಮ್ಮ ಸಂಬಂಧಿಕರ ಹುಡುಗ ಗೋಡೆ ತುಂಬ ಮೊಟ್ಟೆಯ ರಟ್ಟಿನ ತಟ್ಟೆಗಳನ್ನು ಅಂಟಿಸಿಕೊಂಡಿದ್ದ. ಲಾರಿಯ ಸದ್ದು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಹಗುರವಾದ, ಗಾಳಿ ಆಡುವ ವಸ್ತು ಸದ್ದನ್ನು ಒಂದಷ್ಟು ಹೀರಬಹುದು, ಆದರೆ ತಡೆಯಲಾರದು. ತಡೆಯಲು ಭಾರ ಬೇಕು, ಸಂದಿಲ್ಲದ ಮುಚ್ಚಿಗೆ ಬೇಕು.

ಭಾರದ ಲೆಕ್ಕ ಹೇಳುವ ಮೊದಲು ಡೆಸಿಬೆಲ್ ಎಂಬ ಅಳತೆ. ಮಳವಳ್ಳಿ ಕಡೆಯ ಹುಳುಮನೆಯೊಂದರಲ್ಲಿ ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳುಗಳಿಗೆ ರಾತ್ರಿ ಸೊಪ್ಪು ಹಾಕುವಾಗ ಒಮ್ಮೆ ನಿಂತಿದ್ದೆ. ಸೊಪ್ಪು ಹರಡಿ ಎರಡು ನಿಮಿಷಕ್ಕೆ ಸುತ್ತಲೂ ಸಣ್ಣ ಮಳೆ ಶುರುವಾಯಿತು. ಹೊರಗೆ ನಕ್ಷತ್ರ ಹೊಳೆಯುತ್ತಿದ್ದವು. ಸಾವಿರಾರು ಹುಳುಗಳು ಎಲೆ ಕಚ್ಚುವ ಸದ್ದು ಅದು. ಅದು ಕೇಳಿಸಬೇಕಾದರೆ ಸುತ್ತಲಿನ ಸದ್ದು 30 ಡೆಸಿಬೆಲ್ ಆಸುಪಾಸಿಗೆ ಇಳಿದಿರಬೇಕು. ಮಾಮೂಲು ಮಾತುಕತೆ ಸುಮಾರು 60. ಪ್ರತಿ 10 ಡೆಸಿಬೆಲ್‌ಗೆ ಸದ್ದಿನ ಶಕ್ತಿ ಹತ್ತರಷ್ಟಾಗುತ್ತದೆ, ನಮ್ಮ ಕಿವಿಗೆ ಮಾತ್ರ ಅದು ಸುಮಾರು ಎರಡರಷ್ಟು ಜೋರಾದಂತೆ ಕೇಳುತ್ತದೆ. ದಿನಕ್ಕೆ 8 ಗಂಟೆ 85ರಲ್ಲಿದ್ದರೆ ಕಿವಿ ತಡೆದೀತು, 88ಕ್ಕೆ ಏರಿದರೆ ನಾಲ್ಕೇ ಗಂಟೆ. ಡೀಸೆಲ್ ಎಂಜಿನ್ ಪಕ್ಕದಲ್ಲೇ ನಿಂತು ಗಾಣಕ್ಕೆ ಕಬ್ಬು ಕೊಡುವ ಆಲೆಮನೆಯವರು ಮಾತಾಡುವಾಗ ಕೂಗಿಯೇ ಮಾತಾಡುತ್ತಾರೆ, ಮನೆಗೆ ಹೋದರೂ. ಬೆಲ್ಲದ ಸಿಹಿಯ ಹಿಂದೆ ಅವರ ಕಿವಿ ಸವೆಯುತ್ತಿದೆ. ಎಂಜಿನ್ನಿನ ಹೊಗೆಕೊಳವೆಗೆ ಒಳ್ಳೆಯ ಸೈಲೆನ್ಸರ್, ಎಂಜಿನ್ನಿಗೂ ಗಾಣಕ್ಕೂ ನಡುವೆ ಒಂದು ಭಾರದ ಗೋಡೆ, ಕಿವಿಗೆ ಮುಚ್ಚಳ: ಇವು ಯಾವ ಆಲೆಮನೆಯ ಮಾಲೀಕರ ಕೈಗೂ ಮೀರಿದ್ದಲ್ಲ.

ಗೋಡೆಯ ತೂಕ ಎರಡರಷ್ಟಾದರೆ ತಡೆ ಸುಮಾರು 5 ಡೆಸಿಬೆಲ್ ಹೆಚ್ಚುತ್ತದೆ. ದೊಡ್ಡವ್ವನ ಹಳೇ ಮನೆಯ ಒಂದೂವರೆ ಅಡಿ ಮಣ್ಣಿನ ಗೋಡೆ ಚದರ ಮೀಟರಿಗೆ 800 ಕಿಲೋ ತೂಗುತ್ತದೆ. ಹೊಸ ಮನೆಯ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ, ಗಾರೆಯೂ ಸೇರಿ, 250ರ ಹತ್ತಿರ. ವ್ಯತ್ಯಾಸ ಎಂಟೊಂಬತ್ತು ಡೆಸಿಬೆಲ್, ಪಕ್ಕದ ಕೋಣೆಯ ಟೀವಿ ಹೆಚ್ಚೂಕಡಿಮೆ ಎರಡರಷ್ಟು ಜೋರಾಗಿ ಕೇಳಲು ಅಷ್ಟು ಸಾಕು.

ಗೋಡೆ ಹೇಗೇ ಇರಲಿ, ಸದ್ದು ನುಗ್ಗುವುದು ಸಂದಿನಿಂದ. ಏಳಡಿ ಎತ್ತರ, ಮೂರಡಿ ಅಗಲದ ಬಾಗಿಲಡಿ ಒಂದು ಸೆಂಟಿಮೀಟರ್ ಸಂದು ಬಿಟ್ಟರೆ ಆ ಬಾಗಿಲು 23 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ತೇಗದ್ದಾಗಲಿ, ಕಬ್ಬಿಣದ್ದಾಗಲಿ. ಬಾಗಿಲಿನ ಇನ್ನೂರರ ಒಂದು ಪಾಲು ತೆರೆದಿದ್ದಕ್ಕೆ ಅಷ್ಟು ದಂಡ. ಹಳೇ ಮನೆಯ ಪ್ರತಿ ಬಾಗಿಲಿಗೂ ಹೊಸಿಲಿತ್ತು. ಅರಿಶಿನ ಕುಂಕುಮ ಇಟ್ಟು ಪೂಜಿಸುತ್ತಿದ್ದ ಆ ಮರದ ಪಟ್ಟಿ ಬಾಗಿಲಡಿಯ ಸಂದನ್ನು ಮುಚ್ಚುತ್ತಿತ್ತು. ಹೊಸ ಮನೆಗಳಲ್ಲಿ ಹೊಸಿಲು ತಲೆಬಾಗಿಲಿಗೆ ಮಾತ್ರ ಉಳಿದಿದೆ. ಒಳಗಿನ ಕೋಣೆಗಳಿಗೆ ಟೈಲ್ಸ್ ಒಂದೇ ಸಮ ಹರಿದುಹೋಗಿ ಬಾಗಿಲು ಗಾಳಿಯಲ್ಲಿ ತೇಲುತ್ತದೆ. ಎಡವಬಾರದೆಂಬ ಕಾರಣ ಸರಿಯೇ. ಹಾಗಾದರೆ ಬಾಗಿಲಡಿಗೆ ರಬ್ಬರ್ ಪಟ್ಟಿಯನ್ನಾದರೂ ಹೊಡೆಸಬೇಕು. ಮದ್ದೂರಿನ ಹುಡುಗನಿಗೆ ನಾವು ಮಾಡಿದ್ದು ಅದನ್ನೇ: ಕಿಟಕಿಯ ಚೌಕಟ್ಟಿನ ಸಂದುಗಳಿಗೆ ರಬ್ಬರ್, ತೆಳು ಗಾಜು ತೆಗೆದು ದಪ್ಪ ಗಾಜು, ಬಾಗಿಲಡಿಗೆ ಪಟ್ಟಿ. ಮೊಟ್ಟೆ ತಟ್ಟೆಗಳನ್ನು ಕಿತ್ತು ಹಾಕಿದೆವು. ಗಾಳಿ ಬೇಕಲ್ಲ, ಅದಕ್ಕೆ ರಸ್ತೆಗೆ ಬೆನ್ನು ಮಾಡಿದ ಕಿಟಕಿ ತೆರೆದಿಟ್ಟೆವು.

ಎರಡು ವಿದ್ಯೆಗಳೂ ಒಂದೇ ಕಡೆ ಕೂಡಿರುವುದನ್ನು ನೋಡಬೇಕಾದರೆ ಛತ್ರದ ಹೊರಗೆ ನಿಲ್ಲಿಸಿದ ಜನರೇಟರಿನ ಗೂಡನ್ನು ಗಮನಿಸಿ. ಹೊರಗೆ ದಪ್ಪ ತಗಡು, ತಡೆಯಲು. ಒಳಗೆ ಕಲ್ಲುಣ್ಣೆಯ (ರಾಕ್‌ವೂಲ್) ಮೆತ್ತೆ, ಹೀರಲು. ಗಾಳಿ ಹೋಗಿಬರುವ ದಾರಿ ನೆಟ್ಟಗಿರದೆ ಮೆತ್ತೆ ಹೊದಿಸಿದ ತಿರುವುಗಳಲ್ಲಿ ಸಾಗುತ್ತದೆ. ಗಾಳಿ ತಿರುಗಿಕೊಂಡು ಹೋಗುತ್ತದೆ, ಸದ್ದು ತಿರುವಿನಲ್ಲಿ ಬಡಿದು ಮಡಿಯುತ್ತದೆ. ಅಡಿಯಲ್ಲಿ ರಬ್ಬರ್ ಗುಂಡಿಗಳು. ಗೂಡಿನಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂದು ನಿಯಮವಿದೆ. ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಹಗಲಿಗೆ 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಎಂದು ಗೊತ್ತುಮಾಡಿವೆ. ಆಸ್ಪತ್ರೆ, ಶಾಲೆಗಳ ಸುತ್ತ ನಿಶ್ಶಬ್ದ ವಲಯವೆಂದು ಸರ್ಕಾರ ಘೋಷಿಸಿದ ಕಡೆ ಇನ್ನೂ ಐದೈದು ಕಡಿಮೆ. ಕಟ್ಟಡಗಳೊಳಗಿನ ಸದ್ದಿಗೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಂಟನೇ ಭಾಗದಲ್ಲಿ ಒಂದು ವಿಭಾಗವೇ ಮೀಸಲಾಗಿದೆ. ಮನೆಯ ನಕ್ಷೆ ಮಾಡುವವರ ಮೇಜಿನ ಮೇಲೆ ಅದು ತೆರೆದಿದ್ದನ್ನು ನಾನು ಇನ್ನೂ ನೋಡಬೇಕಿದೆ.

ಬಯಲಿನಲ್ಲಿ ದೂರ ಎರಡರಷ್ಟಾದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಹಾಗಿದ್ದೂ ಸುಗ್ಗಿ ಮುಗಿದ ಮೇಲೆ ಪಕ್ಕದೂರಲ್ಲಿ ಕುರುಕ್ಷೇತ್ರ ನಾಟಕ ಕಟ್ಟಿದ್ದರೆ ಬೆಳಗಿನ ಜಾವ ಹಾರ್ಮೋನಿಯಂ ನಮ್ಮ ಹಿತ್ತಲಲ್ಲೇ ನುಡಿದಂತೆ ಕೇಳುವುದೇಕೆ? ರಾತ್ರಿ ನೆಲ ಬೇಗ ತಣಿಯುತ್ತದೆ, ನೆಲಕ್ಕಂಟಿದ ಗಾಳಿ ತಂಪು, ಮೇಲಿನದು ಬೆಚ್ಚಗೆ. ಬೆಚ್ಚನೆಯ ಗಾಳಿಯಲ್ಲಿ ಸದ್ದು ಹೆಚ್ಚು ವೇಗವಾಗಿ ಹೋಗುವುದರಿಂದ ಮೇಲಕ್ಕೆ ಹೊರಟ ಅಲೆ ಬಾಗಿ ಮತ್ತೆ ಕೆಳಗೆ ಬರುತ್ತದೆ. ಹಗಲು ಇದು ತಿರುವುಮುರುವು, ಸದ್ದು ಮೇಲಕ್ಕೆ ಬಾಗಿ ಆಕಾಶ ಸೇರುತ್ತದೆ. ರಾತ್ರಿಯ ಮಿತಿ ಹಗಲಿಗಿಂತ ಬಿಗಿಯಾಗಿರಬೇಕೆನ್ನುವುದಕ್ಕೆ ನಿದ್ದೆಯ ಜೊತೆಗೆ ಈ ಗಾಳಿಯೂ ಸಾಕ್ಷಿ.

ದೊಡ್ಡವ್ವನ ಹಾಲಿಗೆ ಬರೋಣ. ಹಳೆಯ ತೆಂಗಿನ ನಾರಿನ ಹಾಸಿಗೆಯೊಂದನ್ನು ಕುಯ್ದು, ಮರದ ಚೌಕಟ್ಟಿನಲ್ಲಿ ಕೂರಿಸಿ, ಹತ್ತಿ ಬಟ್ಟೆ ಹೊದಿಸಿ ಒಂದು ಗೋಡೆಗೆ ಹಾಕಿದೆವು. ಗೋಡೆಗೆ ಅಂಟಿಸದೆ ಎರಡಿಂಚು ಬಿಟ್ಟೆವು. ಗೋಡೆಯ ಮೈಯಲ್ಲೇ ಗಾಳಿಯ ಕಣಗಳಿಗೆ ಅಲುಗಾಡಲು ಆಗುವುದಿಲ್ಲ, ಸ್ವಲ್ಪ ದೂರ ಬಂದರೆ ಅಲುಗುತ್ತವೆ. ನಾರಿನೊಳಗೆ ಹೀಗೆ ಉಜ್ಜಿಕೊಂಡೇ ಅವು ಶಕ್ತಿ ಕಳೆದುಕೊಳ್ಳುವುದು. ಮಂಚದ ಮೇಲೆ ಹತ್ತಿ ಹಾಸಿಗೆ, ಕಿಟಕಿಗಳಿಗೆ ದಪ್ಪ ಪರದೆ ಬಂದವು. ಐದು ಘಟಕವಿದ್ದ ಹೀರಿಕೆ ಹನ್ನೆರಡಕ್ಕೆ ಏರಿತು, ಮೂರು ಸೆಕೆಂಡು ಒಂದೂಕಾಲಕ್ಕೆ ಇಳಿಯಿತು. ದೊಡ್ಡವ್ವ ಈಗ ಮಂಚದ ಮೇಲೆ ಕೂತು ಅಡಿಗೆಮನೆಯ ಸೊಸೆಯೊಡನೆ ಮಾತಾಡುತ್ತಾರೆ.

ಉಳಿದದ್ದು ಮಿಕ್ಸಿ. ಅಡಿಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಅದು ತಿರುಗಿದರೆ ಪಕ್ಕದ ಕೋಣೆಯ ಗೋಡೆಗೆ ಕಿವಿ ಇಟ್ಟವರಿಗೂ ಗೊತ್ತಾಗುತ್ತದೆ. ಇಲ್ಲಿ ಸದ್ದು ಗಾಳಿಯಲ್ಲಿ ಬರುತ್ತಿಲ್ಲ, ಕಲ್ಲು, ಕಾಂಕ್ರೀಟಿನೊಳಗೆ ನಡುಕವಾಗಿ ಹರಿದು ಇನ್ನೊಂದು ಗೋಡೆಯ ಮೈಯಿಂದ ಮತ್ತೆ ಸದ್ದಾಗಿ ಏಳುತ್ತದೆ. ಹಳೇ ಮನೆಯ ಒಳಕಲ್ಲು ನೆಲದಲ್ಲಿ ಹೂತಿತ್ತು, ಅದರ ನಡುಕವನ್ನು ಭೂಮಿಯೇ ನುಂಗುತ್ತಿತ್ತು. ನಾಲ್ಕು ಮಡಿಕೆಯ ಗೋಣಿತಟ್ಟನ್ನು ಮಿಕ್ಸಿಯ ಅಡಿಗೆ ಹಾಕಿ ನೋಡಿದೆವು, ಗೋಡೆಯ ಗುಡುಗು ತಗ್ಗಿತು. ತಾರಸಿಯ ಮೇಲಿನ ನೀರಿನ ಪಂಪಿಗೂ ಅದೇ ಔಷಧ, ದಪ್ಪ ರಬ್ಬರಿನದು, ಜೊತೆಗೆ ಕೊಳವೆಗೆ ಒಂದು ಮೆತ್ತನೆಯ ತುಂಡು.

ಮುಂದಿನ ವರ್ಷ ಮಗನಿಗೆಂದು ಮೇಲೊಂದು ಮಹಡಿ ಎತ್ತುವ ಮಾತಿದೆ. ಆಗ ಮೇಲಿನವರ ಹೆಜ್ಜೆ, ಮಕ್ಕಳ ಕುಣಿತ, ಎಳೆದ ಕುರ್ಚಿ ಎಲ್ಲ ದೊಡ್ಡವ್ವನ ತಲೆಯ ಮೇಲೆಯೇ. ಟೈಲ್ಸ್ ಹಾಕುವ ಮೊದಲು ಕಾಂಕ್ರೀಟಿನ ಮೇಲೆ ಅರ್ಧ ಇಂಚಿನ ಮೆತ್ತನೆಯ ಹಾಳೆ ಹಾಸಿ, ಗೋಡೆಗೂ ಮುಟ್ಟದಂತೆ ಅಂಚು ಬಿಟ್ಟು, ಅದರ ಮೇಲೆ ಎರಡಿಂಚು ಕಾಂಕ್ರೀಟ್ ಸುರಿದರೆ ನೆಲ ತೇಲಿದಂತೆ ಕೂರುತ್ತದೆ, ಬಡಿತ ಅಷ್ಟಾಗಿ ಕೆಳಗಿಳಿಯುವುದಿಲ್ಲ ಎಂದು ಮೇಸ್ತ್ರಿಗೆ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದೆ. ಅವರು ಕುಕ್ಕರಗಾಲಿನಲ್ಲಿ ಕೂತು ಗೀರನ್ನೇ ನೋಡುತ್ತಾ ಕೇಳಿದರು:

“ಗ್ವಾಡೆ ಮುಟ್ದಂಗೆ ಅಂದ್ರೆ ಎಷ್ಟು ಬುಡ್ಬೇಕಣ್ಣ? ಚದರಕ್ಕೆ ಎಷ್ಟು ಬೀಳ್ತದೆ?”